ಅಪ್ಪನಿಗೆ ಮುದ್ದೆ ಬೇಕು, ಅಲ್ಲಿ ಕೊಡುವುದು ಮಿಕ್ಸಿ ಅನ್ನ: ಆರೈಕೆ ಕೇಂದ್ರದ ಊಟದ ಬಗ್ಗೆ ಓದುಗರ ಪ್ರಶ್ನೆಗಳು

ವೃದ್ಧಾಶ್ರಮ ಮತ್ತು ಆರೈಕೆ ಕೇಂದ್ರಗಳಲ್ಲಿರುವ ಹಿರಿಯರ ಊಟದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ತುಂಬಾ ಪತ್ರ ಬಂದಿವೆ. ಬಹಳಷ್ಟು ಪತ್ರಗಳಲ್ಲಿ ಒಂದೇ ದೂರು: ನುಂಗಲು ಕಷ್ಟ ಎಂದು ಗೊತ್ತಾದ ದಿನದಿಂದ ಅವರಿಗೆ ಊಟ ಅಂತ ಏನೂ ಸಿಗುತ್ತಿಲ್ಲ, ಬರೀ ಗಂಜಿ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ ಮೀಸಲು.

ಪ್ರಶ್ನೆ: ಮೇಡಂ, ನನ್ನ ತಂದೆಗೆ 76 ವರ್ಷ. ಸ್ಟ್ರೋಕ್ ಆದ ಮೇಲೆ ಬೆಂಗಳೂರಿನ ಒಂದು ಆರೈಕೆ ಕೇಂದ್ರದಲ್ಲಿ ಇದ್ದಾರೆ. ಅಲ್ಲಿ ಅನ್ನ, ಸಾರು, ಪಲ್ಯ ಎಲ್ಲಾ ಒಟ್ಟಿಗೆ ಮಿಕ್ಸಿಗೆ ಹಾಕಿ ಮೂರು ಹೊತ್ತೂ ಅದನ್ನೇ ಕೊಡುತ್ತಾರೆ. ಅಪ್ಪ ಎರಡು ಚಮಚ ತಿಂದು ಮುಖ ತಿರುಗಿಸುತ್ತಾರೆ. ಎರಡು ತಿಂಗಳಲ್ಲಿ ತೂಕ 58 ಕೆಜಿಯಿಂದ 54ಕ್ಕೆ ಇಳಿದಿದೆ. ನಾನು ಹೋದಾಗಲೆಲ್ಲಾ "ಒಂದು ಮುದ್ದೆ ಕೊಡಮ್ಮ" ಅಂತಾರೆ. ಸಿಬ್ಬಂದಿಯನ್ನು ಕೇಳಿದರೆ "ಗಂಟಲಲ್ಲಿ ಸಿಕ್ಕಿಕೊಂಡರೆ ಯಾರು ಜವಾಬ್ದಾರಿ" ಅಂತಾರೆ. ಮುದ್ದೆ ಕೊಡಬಹುದಾ?
– ಓದುಗರು, ತುಮಕೂರು

ಉತ್ತರ: ಮುದ್ದೆಯನ್ನು ಮುದ್ದೆಯಾಗಿ ಸದ್ಯಕ್ಕೆ ಕೊಡಬೇಡಿ. ಆದರೆ ರಾಗಿ ಕೊಡಬಹುದು, ಬಸ್ಸಾರಿನ ರುಚಿಯೂ ಕೊಡಬಹುದು. ಅದು ಹೇಗೆ ಎಂದು ಮುಂದೆ ಹೇಳುತ್ತೇನೆ. ಅದಕ್ಕಿಂತ ಮೊದಲು ತೂಕದ ವಿಷಯ. ಹಿರಿಯರಲ್ಲಿ ಒಂದು ತಿಂಗಳಲ್ಲಿ ನೂರಕ್ಕೆ 5ರಷ್ಟು ಅಥವಾ ಆರು ತಿಂಗಳಲ್ಲಿ ನೂರಕ್ಕೆ 10ರಷ್ಟು ತೂಕ ಇಳಿದರೆ ಅದನ್ನು ಗಂಭೀರ ಅಂತಲೇ ನೋಡಬೇಕು. ನಿಮ್ಮ ತಂದೆಯವರು ಎರಡೇ ತಿಂಗಳಲ್ಲಿ ನೂರಕ್ಕೆ 7ರ ಹತ್ತಿರ ಇಳಿದಿದ್ದಾರೆ. ಇದು ಕಾಯುವ ವಿಷಯವೇ ಅಲ್ಲ. ಈ ವಾರವೇ ಡಾಕ್ಟರಿಗೆ ಹೇಳಿ.

ಎಲ್ಲವನ್ನೂ ರುಬ್ಬಿ ಕೊಡಿ ಅಂತ ಹೇಳಿದ್ದು ಯಾರು? ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿದ್ದಾರಾ, ಇಲ್ಲ ಕೇಂದ್ರದವರು ತಾವೇ ತೀರ್ಮಾನಿಸಿದ್ದಾ? ಇದನ್ನು ಕೇಳಿ ತಿಳಿದುಕೊಳ್ಳಿ. ಸ್ಟ್ರೋಕ್ ಆದ ಮೊದಲ ವಾರಗಳಲ್ಲಿ ನುಂಗುವ ಶಕ್ತಿ ತುಂಬಾ ಕಡಿಮೆ ಇದ್ದು, ಆಮೇಲೆ ಸುಧಾರಿಸುವವರು ಬಹಳ ಜನ ಇದ್ದಾರೆ. ಆದರೆ ಆಗ ಬರೆದ "ನುಣ್ಣಗೆ ರುಬ್ಬಿದ ಆಹಾರ" ಅನ್ನುವ ಮಾತು ಹಾಗೇ ಉಳಿದುಬಿಡುತ್ತದೆ. ಮತ್ತೆ ಪರೀಕ್ಷೆ ಮಾಡಿಸುವ ಯೋಚನೆ ಯಾರಿಗೂ ಬರುವುದಿಲ್ಲ. ಈ ಪರೀಕ್ಷೆ ಮಾಡುವವರು ಸ್ಪೀಚ್ ಥೆರಪಿಸ್ಟ್‌ಗಳು. ಮಾತಿನ ತೊಂದರೆ ನೋಡುವವರು ಊಟಕ್ಕೇಕೆ ಅನ್ನಿಸಬಹುದು. ಮಾತಿಗೂ ನುಂಗುವುದಕ್ಕೂ ಬೇಕಾದ ನಾಲಿಗೆ, ತುಟಿ, ಗಂಟಲಿನ ಸ್ನಾಯುಗಳು ಬಹುಮಟ್ಟಿಗೆ ಒಂದೇ, ಅದಕ್ಕೇ ಇದು ಅವರ ಕೆಲಸ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಪರೀಕ್ಷೆ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆಗೆಂದೇ ಒಂದು ಕೇಂದ್ರ ಇದೆ. ದೊಡ್ಡ ಆಸ್ಪತ್ರೆಗಳಲ್ಲೂ ಸಿಗುತ್ತದೆ.

ಅವರು ಪರೀಕ್ಷೆ ಮಾಡಿ ಒಂದು ಮಟ್ಟ ಹೇಳುತ್ತಾರೆ. ಇದಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಒಂದು ಅಳತೆ ಇದೆ, ಹೆಸರು ಇಡ್ಸಿ (IDDSI). 0ಯಿಂದ 7ರವರೆಗೆ ಮಟ್ಟಗಳು. 0 ಅಂದರೆ ನೀರು, 7 ಅಂದರೆ ನಾವೆಲ್ಲ ತಿನ್ನುವ ಮಾಮೂಲಿ ಊಟ. ನಿಮಗೆ ಮುಖ್ಯವಾದವು 4, 5 ಮತ್ತು 6. 4 ಅಂದರೆ ಗಂಟಿಲ್ಲದ, ನುಣ್ಣಗಿನ, ಚಮಚದಲ್ಲಿ ನಿಲ್ಲುವ ಆಹಾರ. ಚಮಚ ಓರೆ ಮಾಡಿದರೆ ಅಂಟಿಕೊಳ್ಳದೆ ಜಾರಿ ಬೀಳಬೇಕು. 5 ಅಂದರೆ ಸಣ್ಣಗೆ ಹಿಚುಕಿದ ತೇವದ ಆಹಾರ. ಅದರಲ್ಲಿರುವ ಚೂರುಗಳು 4 ಮಿಲಿಮೀಟರ್‌ಗಿಂತ ದಪ್ಪ ಇರಬಾರದು, ನಾಲಿಗೆಯಲ್ಲೇ ಒತ್ತಿದರೆ ಕರಗುವಂತಿರಬೇಕು. 6 ಅಂದರೆ ಒಂದೂವರೆ ಸೆಂಟಿಮೀಟರ್ ಮೀರದ ಮೆತ್ತನೆಯ ತುಂಡುಗಳು. ಇದನ್ನು ನೋಡಲು ಫೋರ್ಕ್ ಬೇಕೇ ಬೇಕು ಅಂತಿಲ್ಲ, ಬೆರಳೇ ಸಾಕು. ತುಂಡನ್ನು ಹೆಬ್ಬೆರಳು ತೋರುಬೆರಳ ಮಧ್ಯೆ ಉಗುರು ಬೆಳ್ಳಗಾಗುವಷ್ಟು ಒತ್ತಿ. ಅದು ಜಜ್ಜಿಹೋಗಿ ಮತ್ತೆ ಮೊದಲಿನ ಆಕಾರಕ್ಕೆ ಬರದಿದ್ದರೆ ಸರಿ.

ಅಪ್ಪನಿಗೆ 5 ಅಥವಾ 6 ನಡೆಯುತ್ತದೆ ಅಂತಾದರೆ ಮಿಕ್ಸಿಯ ಅಗತ್ಯವೇ ಇರುವುದಿಲ್ಲ. 4 ಅಂತಲೇ ಬಂದರೂ ಎಲ್ಲವನ್ನೂ ಒಟ್ಟಿಗೆ ರುಬ್ಬುವುದಕ್ಕೆ ಯಾವ ಕಾರಣವೂ ಇಲ್ಲ. ಕುಂಬಳಕಾಯಿ ಬೇರೆ ರುಬ್ಬಿ, ತೊವ್ವೆ ಬೇರೆ, ಸೊಪ್ಪು ಬೇರೆ. ತಟ್ಟೆಯಲ್ಲಿ ಹಳದಿ, ಹಸಿರು, ಬಿಳಿ ಬೇರೆ ಬೇರೆ ಕಾಣಬೇಕು. ತಾನು ತಿನ್ನುತ್ತಿರುವುದು ಏನು ಅಂತ ತಿನ್ನುವವರಿಗೆ ಗೊತ್ತಾಗಬೇಕು, ಅಲ್ವಾ? ಹಲ್ಲು ಹೋದ ಬಾಯಿಗೂ ರುಚಿ ಗೊತ್ತಾಗುತ್ತದೆ.

ಇನ್ನು ಅನ್ನ. ಬೆಂದ ಅನ್ನವನ್ನು ಮಿಕ್ಸಿಗೆ ಹಾಕಿದರೆ ಅಂಟು ಅಂಟಾಗುತ್ತದೆ, ಗಂಟಲಿಗೆ ಅಂಟಿಕೊಳ್ಳುತ್ತದೆ. ಅದರ ಬದಲು ಒಣ ಅಕ್ಕಿಯನ್ನೇ ಮೊದಲು ಸಣ್ಣ ತರಿ ಮಾಡಿಕೊಂಡು, ಹೆಸರುಬೇಳೆ ಜೊತೆ ತುಂಬಾ ಮೆತ್ತಗೆ ಬೇಯಿಸಿ, ತುಪ್ಪ ಹಾಕಿ ರುಬ್ಬಿದರೆ ಅಂಟು ಕಡಿಮೆ. ತಿಳಿಸಾರು ಅನ್ನ ನೋಡುವುದಕ್ಕೆ ಸುಲಭದ ಊಟ ಅನ್ನಿಸುತ್ತದೆ. ನುಂಗಲು ಕಷ್ಟ ಇರುವವರಿಗೆ ಅದೇ ತುಂಬಾ ಕಷ್ಟದ್ದು. ಬಾಯಲ್ಲಿ ನೀರು ಬೇರೆ, ಅಗುಳು ಬೇರೆ ಆಗುತ್ತದೆ. ಅಗುಳನ್ನು ಸಂಭಾಳಿಸುವಷ್ಟರಲ್ಲಿ ಸಾರು ಗಂಟಲಿಗೆ ಇಳಿದು ಶ್ವಾಸನಾಳದ ಕಡೆ ಹೋಗುತ್ತದೆ. ಹಾಗಾಗಿ ಗಟ್ಟಿ ತೊವ್ವೆ, ಗಟ್ಟಿ ಹುಳಿ ಇರಲಿ, ತಿಳಿಸಾರು ಬೇಡ.

ಒಗ್ಗರಣೆಯ ಸಾಸಿವೆ, ಕರಿಬೇವು, ಉದ್ದಿನಬೇಳೆ, ಒಣಮೆಣಸಿನ ಸಿಪ್ಪೆ ಇವೆಲ್ಲ ಅಪಾಯ. ಆದರೆ ಅದಕ್ಕಾಗಿ ಒಗ್ಗರಣೆಯನ್ನೇ ಬಿಟ್ಟು ಸಪ್ಪೆ ಊಟ ಕೊಡಬೇಡಿ. ಮಾಮೂಲಿಯಂತೆ ಒಗ್ಗರಣೆ ಹಾಕಿ, ಆ ಎಣ್ಣೆಯನ್ನು ಅಥವಾ ತುಪ್ಪವನ್ನು ಸಣ್ಣ ಜಾಲರಿಯಲ್ಲಿ ಸೋಸಿ, ಸೋಸಿದ್ದನ್ನು ಊಟದ ಮೇಲೆ ಹಾಕಿ. ಇಂಗಿನ ಘಮ ಪೂರ್ತಿ ಇರುತ್ತದೆ. ಇಷ್ಟು ಮಾಡಿಸಿದರೆ ಊಟ ಒಳಗೆ ಹೋಗುವುದು ಜಾಸ್ತಿಯಾಗುತ್ತದೆ, ಇದನ್ನು ನಾನು ಕೆಲಸ ಮಾಡಿದ ಕಡೆಯೆಲ್ಲ ನೋಡಿದ್ದೇನೆ.

ಈಗ ಮುದ್ದೆ. ನಾವು ಮುದ್ದೆ ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ಹಾಗೇ ನುಂಗುತ್ತೇವೆ. ಗಟ್ಟಿಮುಟ್ಟಾದ ಗಂಟಲಿಗೆ ಅದು ಸರಿ. ಬಲ ಕಳೆದುಕೊಂಡ ಗಂಟಲಿಗೆ ಆ ತುತ್ತು ಜಾರುವುದಿಲ್ಲ, ಅಲ್ಲೇ ಕೂರುತ್ತದೆ. ಸಿಬ್ಬಂದಿಯ ಹೆದರಿಕೆ ನ್ಯಾಯವಾದದ್ದೇ. ಆದರೆ ಜರಡಿ ಹಿಡಿದ ರಾಗಿ ಹಿಟ್ಟನ್ನು ಗಂಟಿಲ್ಲದಂತೆ ಕಲಸಿ, ಚೆನ್ನಾಗಿ ಬೇಯಿಸಿ, ಚಮಚದಲ್ಲಿ ನಿಂತು ಓರೆ ಮಾಡಿದರೆ ಜಾರುವ ಹದಕ್ಕೆ ತಂದು, ಮೇಲೆ ಗಟ್ಟಿಯಾಗಿ ಸೋಸಿದ ಬಸ್ಸಾರು ಹಾಕಿ, ಒಂದು ಚಮಚ ತುಪ್ಪ ಬೆರೆಸಿ ಕೊಡಿ ಅಂತ ಹೇಳಬಹುದು. 4ನೇ ಮಟ್ಟದವರಿಗೂ ಇದು ಆಗುತ್ತದೆ. ರಾಗಿ ಆರಿದಂತೆ ಬಿಗಿಯುತ್ತದೆ ಅನ್ನುವುದು ನೆನಪಿರಲಿ. ಒಲೆಯ ಮೇಲಿನ ಹದ ತಟ್ಟೆಯ ಹದ ಅಲ್ಲ. ತಿನ್ನಿಸುವ ಹೊತ್ತಿಗೆ ಮತ್ತೆ ಚಮಚ ಓರೆ ಮಾಡಿ ನೋಡಬೇಕು, ಬಿಗಿದಿದ್ದರೆ ಬಿಸಿ ಕಟ್ಟು ಸೇರಿಸಿ ಸಡಿಲ ಮಾಡಬೇಕು.

ಅವರ ಯಾವ ಪಕ್ಕ ಬಲ ಕಳೆದುಕೊಂಡಿದೆ ಅನ್ನುವುದನ್ನೂ ಸಿಬ್ಬಂದಿಗೆ ನೆನಪಿಸಿ. ಆ ಕಡೆಯ ಕೆನ್ನೆಯಲ್ಲಿ ತುತ್ತು ಉಳಿದುಬಿಡುತ್ತದೆ. ಊಟ ಆದ ಮೇಲೆ ಬಾಯಿ ತೆರೆಸಿ ನೋಡಬೇಕು. ಕೆಲವರಿಗೆ ಸ್ಟ್ರೋಕ್ ಆದ ಮೇಲೆ ತಟ್ಟೆಯ ಒಂದು ಪಕ್ಕ ಕಾಣುವುದೇ ಇಲ್ಲ. ಅರ್ಧ ತಟ್ಟೆ ಖಾಲಿ, ಅರ್ಧ ಹಾಗೇ ಇದ್ದರೆ ಅವರು ಬೇಡ ಅಂತ ಬಿಟ್ಟಿದ್ದಾರೆ ಅಂದುಕೊಳ್ಳಬೇಡಿ, ತಟ್ಟೆ ತಿರುಗಿಸಿ ಇಡಿ. ಊಟಕ್ಕೆ ನೆಟ್ಟಗೆ ಕೂರಿಸಬೇಕು, ಊಟ ಆಗಿ ಅರ್ಧ ಗಂಟೆಯಾದರೂ ಮಲಗಿಸಬಾರದು.

ಪ್ರಶ್ನೆ: ನನ್ನ ಅಮ್ಮ ಧಾರವಾಡದ ಒಂದು ವೃದ್ಧಾಶ್ರಮದಲ್ಲಿದ್ದಾರೆ. ನೀರು ಕುಡಿದರೆ ಕೆಮ್ಮು. ಡಾಕ್ಟರ್ ನೀರನ್ನು ಗಟ್ಟಿ ಮಾಡುವ ಪುಡಿ ಬರೆದುಕೊಟ್ಟಿದ್ದಾರೆ, ಅದು ತುಂಬಾ ದುಬಾರಿ. ಆಶ್ರಮದವರು ಕಾರ್ನ್‌ಫ್ಲೋರ್ ಅಥವಾ ರಾಗಿ ಹಿಟ್ಟು ಹಾಕಿದರೆ ಸಾಕು ಅಂತಾರೆ. ಹೌದೇನ್ರಿ?
– ಓದುಗರು, ಹುಬ್ಬಳ್ಳಿ

ಉತ್ತರ: ರಾಗಿ ಅಂಬಲಿ ಒಳ್ಳೆಯ ಆಹಾರ. ಆದರೆ ನುಂಗುವ ತೊಂದರೆಗೆ ಅಳತೆ ಮಾಡಿ ಬರೆದ ಗಟ್ಟಿ ನೀರಿನ ಬದಲು ಅದನ್ನು ಕೊಡುವುದು ಸರಿಯಲ್ಲ. ಕಾರಣ ಹೇಳುತ್ತೇನೆ, ಆಶ್ರಮದವರಿಗೂ ಓದಿ ಹೇಳಿ.

ರಾಗಿ, ಅಕ್ಕಿ, ಕಾರ್ನ್‌ಫ್ಲೋರ್ ಇವೆಲ್ಲ ಪಿಷ್ಟ. ನಮ್ಮ ಜೊಲ್ಲಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಇದೆ. ಬಾಯಿಗೆ ಹೋದ ಚಮಚವನ್ನು ಮತ್ತೆ ಲೋಟಕ್ಕೆ ಅದ್ದಿದರೆ ಜೊಲ್ಲು ಅದರಲ್ಲಿ ಸೇರುತ್ತದೆ, ಸ್ವಲ್ಪ ಹೊತ್ತಿಗೆ ಗಟ್ಟಿ ಇದ್ದದ್ದು ನೀರಾಗುತ್ತದೆ. ಮೊದಲ ನಾಲ್ಕು ಚಮಚ ಸರಿಯಾಗಿ ಹೋಗಿ, ಕೊನೆಯ ಚಮಚಗಳಿಗೆ ಕೆಮ್ಮು ಬರಲು ಇದೂ ಒಂದು ಕಾರಣ. ಜೊತೆಗೆ ಕಾರ್ನ್‌ಫ್ಲೋರ್ ಬೇಯಿಸದಿದ್ದರೆ ಗಟ್ಟಿಯೇ ಆಗುವುದಿಲ್ಲ, ಬೇಯಿಸಿ ಆರಿಸಿದರೆ ಜೆಲ್ಲಿ ಥರ ಬಿಗಿಯುತ್ತದೆ. ಹದ ಒಂದೇ ಥರ ನಿಲ್ಲುವುದಿಲ್ಲ. ಮೊಳಕೆ ರಾಗಿ ಹಿಟ್ಟಿನ ಕಥೆ ಇನ್ನೂ ಬೇರೆ. ಮೊಳಕೆ ಬಂದ ಕಾಳಿನಲ್ಲೇ ಆ ಕಿಣ್ವ ಇರುತ್ತದೆ, ಹಾಗಾಗಿ ಅಷ್ಟೇ ಹಿಟ್ಟಿಗೆ ಅದರ ಗಂಜಿ ತೆಳ್ಳಗಾಗುತ್ತದೆ. ಹೆಚ್ಚು ಶಕ್ತಿ ಬೇಕು, ಆದರೆ ನುಂಗಲು ತೊಂದರೆ ಇಲ್ಲ ಅನ್ನುವವರಿಗೆ ಅದು ವರದಾನ. ನಿಮ್ಮ ಅಮ್ಮನಿಗೆ ಅಲ್ಲ.

ಪುಡಿ ಕೊಳ್ಳುವಾಗ ಕ್ಸಾಂಥಾನ್ ಗಮ್‌ನಿಂದ ಮಾಡಿದ್ದಾ ಅಂತ ಕೇಳಿ. ಅದು ಜೊಲ್ಲಿಗೆ ಕರಗುವುದಿಲ್ಲ, ಸ್ವಲ್ಪ ಹಾಕಿದರೂ ಸಾಕಾಗುತ್ತದೆ. ನೀರಿಗೆ ಮಾತ್ರ ಅಂತಿಲ್ಲ, ಮಜ್ಜಿಗೆಗೂ ಹಾಕಬಹುದು, ಕಾಫಿಗೂ ಹಾಕಬಹುದು. ಹಾಲು ಇರುವುದಕ್ಕೆ ಹಾಕಿದರೆ ಗಟ್ಟಿಯಾಗಲು ಜಾಸ್ತಿ ಹೊತ್ತು ಹಿಡಿಯುತ್ತದೆ. ಆಗಲಿಲ್ಲ ಅಂತ ಇನ್ನೊಂದು ಚಮಚ ಹಾಕಿಬಿಡಬೇಡಿ, ಕಾಯಿರಿ.

ಎಷ್ಟು ಗಟ್ಟಿ ಅಂತ ತಿಳಿಯಲು ಸೂಜಿ ಇಲ್ಲದ 10 ಮಿಲಿ ಸಿರಿಂಜ್ ಸಾಕು. ಸೊನ್ನೆಯಿಂದ 10ರ ಗೆರೆಯವರೆಗಿನ ಉದ್ದ 61.5 ಮಿಲಿಮೀಟರ್ ಇರುವ ಸಿರಿಂಜ್ ತೆಗೆದುಕೊಳ್ಳಿ, ಬೇರೆ ಅಳತೆಯದ್ದರಲ್ಲಿ ಲೆಕ್ಕ ತಪ್ಪುತ್ತದೆ. ಒಳಗಿನ ದಂಡ ತೆಗೆದು, ಕೆಳಗೆ ಬೆರಳಿಟ್ಟು, 10 ಮಿಲಿ ತುಂಬಿ, ಬೆರಳು ತೆಗೆದು 10 ಸೆಕೆಂಡ್ ಬಿಡಿ. ಉಳಿದದ್ದು 1ರಿಂದ 4 ಮಿಲಿ ಆದರೆ ಮೇಲೆ ಹೇಳಿದ ಇಡ್ಸಿ ಅಳತೆಯ 1ನೇ ಮಟ್ಟ, 4ರಿಂದ 8 ಆದರೆ 2ನೇ ಮಟ್ಟ, 8ಕ್ಕಿಂತ ಜಾಸ್ತಿ ಉಳಿದು ಸ್ವಲ್ಪವಾದರೂ ಇಳಿದಿದ್ದರೆ 3. ಏನೂ ಇಳಿಯದಿದ್ದರೆ 4. ಡಾಕ್ಟರ್ ಯಾವ ಮಟ್ಟ ಹೇಳಿದ್ದಾರೆ ಅಂತ ಅಂಕಿಯಲ್ಲಿ ಬರೆಸಿಕೊಳ್ಳಿ. "ಸ್ವಲ್ಪ ಗಟ್ಟಿ" ಅಂದರೆ ಒಬ್ಬೊಬ್ಬ ಆಯಾ ಒಂದೊಂದು ಥರ ಮಾಡುತ್ತಾಳೆ, ಅದು ಅವಳ ತಪ್ಪಲ್ಲ.

ಇನ್ನೊಂದು ಮಾತು. ಗಟ್ಟಿ ನೀರು ಯಾರಿಗೂ ಇಷ್ಟವಾಗುವುದಿಲ್ಲ, ಕುಡಿಯುವುದೇ ಕಡಿಮೆ ಮಾಡುತ್ತಾರೆ. ಆಗ ನಿರ್ಜಲೀಕರಣ, ಮಲಬದ್ಧತೆ, ಮೂತ್ರದ ಸೋಂಕು, ಗೊಂದಲ ಎಲ್ಲಾ ಶುರುವಾಗುತ್ತದೆ. ಯುರೋಪಿನ ಹಿರಿಯರ ಪೋಷಣೆಯ ಮಾರ್ಗಸೂಚಿ ಹೆಂಗಸರಿಗೆ ದಿನಕ್ಕೆ 1.6 ಲೀಟರ್, ಗಂಡಸರಿಗೆ 2 ಲೀಟರ್ ಪಾನೀಯ ಬೇಕು ಅನ್ನುತ್ತದೆ. ಹೃದಯ, ಕಿಡ್ನಿ ತೊಂದರೆಗೆ ಡಾಕ್ಟರ್ ನೀರು ಕಡಿಮೆ ಹೇಳಿದ್ದರೆ ಅವರ ಮಾತೇ ಕೇಳಿ. ನಮ್ಮ ಸೆಕೆಗೆ ಬೇಸಿಗೆಯಲ್ಲಿ ಇನ್ನೂ ಹೆಚ್ಚೇ ಬೇಕು. ಅಮ್ಮ ದಿನಕ್ಕೆ ಎಷ್ಟು ಲೋಟ ಕುಡಿದರು ಅಂತ ಆಶ್ರಮದವರು ಬರೆದಿಡಲಿ. ಹಾಗೇ ಸಬ್ಬಕ್ಕಿ, ಕಾಮಕಸ್ತೂರಿ ಬೀಜ ಹಾಕಿ ಗಟ್ಟಿ ಮಾಡುವ ಉಪಾಯ ಯಾರಾದರೂ ಹೇಳಿದರೆ ಬೇಡ ಅನ್ನಿ, ಕಾಳು ಗಂಟಲಿಗೆ ಜಾರುತ್ತದೆ.

ಕೆಮ್ಮು ನಿಂತಿತು ಅಂದ ಮಾತ್ರಕ್ಕೆ ಎಲ್ಲ ಸರಿಹೋಯಿತು ಅಂತಲೂ ಅಲ್ಲ. ಕೆಲವರಿಗೆ ನೀರು ಶ್ವಾಸಕೋಶಕ್ಕೆ ಹೋದರೂ ಕೆಮ್ಮೇ ಬರುವುದಿಲ್ಲ. ಊಟವಾದ ಮೇಲೆ ದನಿ ಗೊರಗೊರ ಅನ್ನುವುದು, ಪದೇ ಪದೇ ಜ್ವರ, ಕಫ ಇದ್ದರೆ ಡಾಕ್ಟರಿಗೆ ತೋರಿಸಿ. ದಯವಿಟ್ಟು ಬಾಯಿಯ ಸ್ವಚ್ಛತೆ ಮರೆಯಬೇಡಿ. ಜಪಾನಿನ 11 ನರ್ಸಿಂಗ್ ಹೋಂಗಳಲ್ಲಿ ಎರಡು ವರ್ಷ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರತಿ ಊಟದ ನಂತರ ಹಲ್ಲು, ಬಾಯಿ ಶುಚಿ ಮಾಡಿಸಿಕೊಂಡವರಲ್ಲಿ ನ್ಯುಮೋನಿಯಾ ಕಡಿಮೆ ಇತ್ತು. ಬಾಯಿ ಕೊಳಕಾಗಿದ್ದರೆ ಜೊಲ್ಲಿನ ಜೊತೆ ರೋಗಾಣುಗಳೂ ಶ್ವಾಸಕೋಶಕ್ಕೆ ಇಳಿಯುತ್ತವೆ. ಇದಕ್ಕೆ ಬೇಕಾದ್ದು ಒಂದು ಮೆತ್ತನೆಯ ಬ್ರಶ್ಶು, ಐದು ನಿಮಿಷ.

ಪ್ರಶ್ನೆ: ನಾನು ಒಂದು ಸಣ್ಣ ವೃದ್ಧಾಶ್ರಮದ ಅಡುಗೆಮನೆ ನೋಡಿಕೊಳ್ಳುತ್ತೇನೆ. ಮೂವತ್ತು ಜನ ಹಿರಿಯರು, ಅಡುಗೆಗೆ ಇಬ್ಬರೇ. ಒಬ್ಬರಿಗೆ ಸಕ್ಕರೆ, ಒಬ್ಬರಿಗೆ ಬಿಪಿ, ಇಬ್ಬರಿಗೆ ಕಿಡ್ನಿ, ಒಬ್ಬರಿಗೆ ಪಾರ್ಕಿನ್ಸನ್ಸ್, ಹಲ್ಲಿಲ್ಲದವರು ಹತ್ತು ಜನ. ಎಲ್ಲರಿಗೂ ಬೇರೆ ಬೇರೆ ಅಡುಗೆ ಮಾಡಲು ಆಗುವುದಿಲ್ಲ. ಅದಕ್ಕೇ ಉಪ್ಪು, ಖಾರ, ಎಣ್ಣೆ, ಸಿಹಿ ಎಲ್ಲ ಕಡಿಮೆ ಮಾಡಿ ಒಂದೇ ಥರ ಮಾಡುತ್ತಿದ್ದೇವೆ. ಹಿರಿಯರು ಬೈಯುತ್ತಾರೆ. ಏನು ಮಾಡಲಿ?
– ಓದುಗರು, ಮೈಸೂರು

ಉತ್ತರ: ಹಿರಿಯರು ಬೈಯುತ್ತಿರುವುದು ಸರಿಯಾಗಿಯೇ ಇದೆ. ನಿಮ್ಮ ಕಷ್ಟವೂ ನಿಜ. ಇಬ್ಬರು ಮೂವತ್ತು ಜನರಿಗೆ ದಿನವೂ ಬೇಯಿಸಿ ಹಾಕುವುದು ಸಣ್ಣ ಮಾತಲ್ಲ.

ಎಲ್ಲರಿಗೂ ಎಲ್ಲವನ್ನೂ ಕಡಿಮೆ ಮಾಡುವುದನ್ನು ಮೊದಲು ಬಿಡಿ. ವಯಸ್ಸಾದವರಲ್ಲಿ, ಅದರಲ್ಲೂ ತೂಕ ಇಳಿಯುತ್ತಿರುವವರಲ್ಲಿ, ಕಟ್ಟುನಿಟ್ಟಿನ ಪಥ್ಯದಿಂದ ಲಾಭಕ್ಕಿಂತ ನಷ್ಟವೇ ಜಾಸ್ತಿ. ಸಪ್ಪೆ ಊಟ ತಿನ್ನುವುದಿಲ್ಲ, ತಿನ್ನದಿದ್ದರೆ ಸೊರಗುತ್ತಾರೆ, ಸೊರಗಿದರೆ ಬೀಳುತ್ತಾರೆ. ಹಿರಿಯರಿಗೆ ಕೆಜಿ ತೂಕಕ್ಕೆ ದಿನಕ್ಕೆ ಕನಿಷ್ಠ 1 ಗ್ರಾಂ ಪ್ರೋಟೀನ್ ಬೇಕು, ಅಂದರೆ 55 ಕೆಜಿ ಇದ್ದವರಿಗೆ 55 ಗ್ರಾಂ. 30 ಗ್ರಾಂ ಅಕ್ಕಿಯ ಒಂದು ಬಟ್ಟಲು ಗಂಜಿಯಲ್ಲಿ ಸಿಗುವುದು ಸುಮಾರು 2 ಗ್ರಾಂ. ಅಷ್ಟೇ ತೂಕದ ಹೆಸರುಬೇಳೆಯಲ್ಲಿ 7 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ. ಗಂಜಿ ಕೊಟ್ಟು "ಹೊಟ್ಟೆ ತುಂಬಿತು" ಅಂದರೆ ಹೊಟ್ಟೆ ಮಾತ್ರ ತುಂಬಿದೆ. ಹಾಗಾಗಿ ಗಂಜಿಗೆ ಬೇಳೆ ಸೇರಿಸಿ, ಗಟ್ಟಿ ಮೊಸರು ಕೊಡಿ, ತಿನ್ನುವವರಿಗೆ ಮೊಟ್ಟೆ ಮೆತ್ತಗೆ ಮಾಡಿ ಕೊಡಿ. ಕಿಡ್ನಿ ತೊಂದರೆ ಇರುವ ಇಬ್ಬರ ಪ್ರೋಟೀನ್ ಲೆಕ್ಕ ಮಾತ್ರ ಅವರ ಡಾಕ್ಟರೇ ಹೇಳಬೇಕು.

ಅಡುಗೆ ಒಂದೇ ಮಾಡಿ, ಕೊನೆಯ ಹಂತದಲ್ಲಿ ಬೇರೆ ಮಾಡಿ. ಹುಳಿ ಕುದಿಯುವಾಗ ಉಪ್ಪು ಕಡಿಮೆ ಹಾಕಿ, ಉಪ್ಪು ಕಡಿಮೆ ಬೇಕಾದವರದ್ದು ಒಂದು ಪಾತ್ರೆಗೆ ತೆಗೆದಿಟ್ಟು, ಆಮೇಲೆ ಉಳಿದದ್ದಕ್ಕೆ ಮಾಮೂಲಿ ಉಪ್ಪು. ತೆಗೆದಿಟ್ಟದ್ದಕ್ಕೆ ನಿಂಬೆರಸ, ಕೊತ್ತಂಬರಿ, ಜೀರಿಗೆ ಪುಡಿ ಹಾಕಿದರೆ ರುಚಿ ಬರುತ್ತದೆ. ಒಗ್ಗರಣೆ ಬೀಳುವ ಮೊದಲೇ ಮೆತ್ತಗೆ ಬೇಕಾದವರದ್ದನ್ನೂ ತೆಗೆದುಬಿಡಿ. ತರಕಾರಿ ಸ್ವಲ್ಪ ಹೆಚ್ಚು ಹೊತ್ತು ಬೇಯಿಸಿದರೆ ಹಲ್ಲಿಲ್ಲದ ಹತ್ತೂ ಜನ ಹಾಗೇ ತಿನ್ನುತ್ತಾರೆ, ಅವರಿಗೆ ರುಬ್ಬುವ ಕೆಲಸವೇ ಇಲ್ಲ. ಹಲ್ಲಿಲ್ಲ ಅನ್ನುವುದೂ ನುಂಗಲು ಆಗುವುದಿಲ್ಲ ಅನ್ನುವುದೂ ಒಂದೇ ಅಲ್ಲ.

ಮೂರು ಎಚ್ಚರಿಕೆ ಮಾತ್ರ ಗೋಡೆಗೆ ಬರೆದು ಅಂಟಿಸಿ. ಕಿಡ್ನಿ ತೊಂದರೆ ಇರುವವರಿಗೆ ಅಂಗಡಿಯಲ್ಲಿ ಸಿಗುವ "ಲೋ ಸೋಡಿಯಂ" ಉಪ್ಪು ಹಾಕಬಾರದು, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಡಾಕ್ಟರ್ ಪೊಟ್ಯಾಸಿಯಂ ಕಡಿಮೆ ಮಾಡಿ ಅಂದಿದ್ದರೆ ಎಳನೀರೂ ಬೇಡ. ಸಕ್ಕರೆ ಕಾಯಿಲೆ ಇರುವವರಿಗೆ ಅಕ್ಕಿ, ರಾಗಿಯಂಥ ಧಾನ್ಯವನ್ನು ನುಣ್ಣಗೆ ರುಬ್ಬಿದಷ್ಟೂ ರಕ್ತದಲ್ಲಿ ಸಕ್ಕರೆ ಬೇಗ ಏರುತ್ತದೆ, ರಾಗಿ ಅಂಬಲಿಯೂ ಅಷ್ಟೇ. ಜೊತೆಗೆ ಬೇಳೆ, ಸೊಪ್ಪು, ಮೊಸರು ಇರಲಿ. ಪಾರ್ಕಿನ್ಸನ್ಸ್ ಇರುವವರ ಲೆವೊಡೋಪಾ ಮಾತ್ರೆ ಊಟಕ್ಕೆ ಅರ್ಧ ಗಂಟೆ ಮೊದಲೇ ಹೋಗಿರಬೇಕು, ಬೇಳೆ ಹಾಲಿನ ಜೊತೆ ಹೋದರೆ ಅದರ ಕೆಲಸ ಕಡಿಮೆಯಾಗುತ್ತದೆ. ಮಾತ್ರೆ ಹಿಡಿದ ಮೇಲೆ ಊಟಕ್ಕೆ ಕೂರಿಸಿದರೆ ನುಂಗುವುದೂ ಸುಲಭ.

ರಾತ್ರಿ ಊಟ ಎಷ್ಟು ಗಂಟೆಗೆ ಕೊಡುತ್ತೀರಿ ಅಂತ ಬರೆದಿಲ್ಲ. ಎಷ್ಟೋ ಕಡೆ ಸಿಬ್ಬಂದಿ ಮನೆಗೆ ಹೋಗಬೇಕು ಅಂತ ಸಂಜೆ 6ಕ್ಕೇ ಊಟ ಮುಗಿಸುತ್ತಾರೆ, ತಿಂಡಿ ಬೆಳಗ್ಗೆ 9ಕ್ಕೆ. ಅಮೆರಿಕದ ನರ್ಸಿಂಗ್ ಹೋಂಗಳ ಕಾನೂನಿನಲ್ಲಿ ಈ ಎರಡರ ನಡುವೆ ಸಾಮಾನ್ಯವಾಗಿ 14 ಗಂಟೆ ಮೀರಬಾರದು ಅಂತ ಇದೆ. ನಾವೂ ಅಷ್ಟಾದರೂ ಪಾಲಿಸಬೇಕು. ಮಲಗುವ ಮೊದಲು ಒಂದು ಲೋಟ ಹಾಲು ಕೊಡಲು ಏನೂ ದೊಡ್ಡ ವ್ಯವಸ್ಥೆ ಬೇಡ.

ಪ್ರಶ್ನೆ: ನಾನು ಆರೈಕೆ ಕೇಂದ್ರದಲ್ಲಿ ನರ್ಸ್. ಮಾತ್ರೆ ನುಂಗದವರಿಗೆ ಎಲ್ಲವನ್ನೂ ಪುಡಿ ಮಾಡಿ ಗಂಜಿಯಲ್ಲಿ ಕಲಸಿ ಕೊಡುತ್ತೇವೆ. ಸರಿನಾ?
– ಓದುಗರು, ದಾವಣಗೆರೆ

ಉತ್ತರ: ಎಲ್ಲವನ್ನೂ ಪುಡಿ ಮಾಡುವಂತಿಲ್ಲ. ಹೆಸರಿನ ಮುಂದೆ ಎಸ್‌ಆರ್, ಇಆರ್, ಸಿಆರ್, ಎಕ್ಸ್‌ಎಲ್ ಅಂತ ಇದ್ದರೆ ಅದು ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ. ಪುಡಿ ಮಾಡಿದರೆ ಇಡೀ ದಿನದ ಔಷಧ ಒಮ್ಮೆಲೇ ದೇಹಕ್ಕೆ ಸೇರುತ್ತದೆ. ಹೊಟ್ಟೆಯಲ್ಲಿ ಕರಗಬಾರದು ಅಂತ ಕವಚ ಹಾಕಿದ ಮಾತ್ರೆಗಳನ್ನೂ ಪುಡಿ ಮಾಡಬಾರದು. ಪ್ರತಿ ಮಾತ್ರೆಗೂ ಡಾಕ್ಟರ್ ಅಥವಾ ಫಾರ್ಮಸಿಸ್ಟ್ ಹತ್ತಿರ ಕೇಳಿ, ಸಿರಪ್ ಅಥವಾ ನೀರಿನಲ್ಲಿ ಕರಗುವ ರೂಪ ಇದೆಯಾ ನೋಡಿ. ಪುಡಿ ಮಾಡಬಹುದಾದ್ದನ್ನು ಒಂದೇ ಚಮಚದಲ್ಲಿ ಕೊಡಿ. ಬಟ್ಟಲು ಪೂರ್ತಿ ಕಲಸಿದರೆ, ಅರ್ಧ ಬಿಟ್ಟಾಗ ಅರ್ಧ ಔಷಧವೂ ಹೋಯಿತು. ಅದರ ಕಹಿಗೆ ಗಂಜಿಯ ಮೇಲೂ ಬೇಸರ ಬರುತ್ತದೆ. ಮಾತ್ರೆ ಇದೆ ಅಂತ ಅವರಿಗೆ ಹೇಳಿಯೇ ಕೊಡಿ. ಮತ್ತೊಂದು ವಿಷಯ, ಮಲಬದ್ಧತೆಗೆ ಕೊಡುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನು ಪಿಷ್ಟದಿಂದ ಗಟ್ಟಿ ಮಾಡಿದ ನೀರಿಗೆ ಹಾಕಿದರೆ ಅದು ಮತ್ತೆ ತೆಳ್ಳಗಾಗಿಬಿಡುತ್ತದೆ. ನುಂಗುವ ತೊಂದರೆ ಇರುವವರಿಗೆ ಇದು ನಿಜಕ್ಕೂ ಅಪಾಯ.

ಪ್ರಶ್ನೆ: ನಮ್ಮ ಅತ್ತೆ ಇಂಗ್ಲೆಂಡಿನಲ್ಲಿ ನಮ್ಮ ಮನೆ ಹತ್ತಿರದ ಕೇರ್ ಹೋಂನಲ್ಲಿದ್ದಾರೆ. ಊಟಕ್ಕೆ 4ನೇ ಮಟ್ಟ ಅಂತ ಬರೆದಿದ್ದಾರೆ. ಅವರು ಶುದ್ಧ ಸಸ್ಯಾಹಾರಿ, ಈರುಳ್ಳಿ ಬೆಳ್ಳುಳ್ಳಿಯೂ ತಿನ್ನುವುದಿಲ್ಲ. ದಿನವೂ ಆಲೂಗಡ್ಡೆ, ಬಟಾಣಿ ರುಬ್ಬಿ ಕೊಡುತ್ತಾರೆ. ಹೆಚ್ಚು ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ಸುಮ್ನಿದ್ದೇವೆ.
– ಓದುಗರು, ಲೆಸ್ಟರ್

ಉತ್ತರ: ಸುಮ್ಮನಿರಬೇಡಿ. ಇಂಗ್ಲೆಂಡಿನ ಆರೈಕೆ ಸೇವೆಗಳ 2014ರ ನಿಯಮಗಳಲ್ಲಿ 14ನೇ ನಿಯಮ ಇರುವುದೇ ಊಟ ಮತ್ತು ನೀರಿನ ಬಗ್ಗೆ. ವ್ಯಕ್ತಿಯ ಇಷ್ಟ, ಧರ್ಮ, ಸಂಸ್ಕೃತಿಯಿಂದ ಬರುವ ನ್ಯಾಯವಾದ ಬೇಡಿಕೆಗಳನ್ನು ಪೂರೈಸಬೇಕು ಅಂತ ಅದರಲ್ಲೇ ಇದೆ. ನೀವು ಕೇಳುತ್ತಿರುವುದು ಉಪಕಾರ ಅಲ್ಲ, ಅವರ ಕೇರ್ ಪ್ಲಾನ್‌ನಲ್ಲಿ ಬರೆಸಬೇಕಾದ ವಿಷಯ. ಮ್ಯಾನೇಜರ್ ಜೊತೆ ಕೂತು ಬರೆಸಿ.

ಸಸ್ಯಾಹಾರಿ ಅಂದರೆ ಸಾಲದು, ಬಿಡಿಸಿ ಹೇಳಿ. ರುಬ್ಬಿದ ಆಹಾರಕ್ಕೆ ಆಕಾರ ಕೊಡಲು, ಜೆಲ್ಲಿ ಮಾಡಲು ಜೆಲಾಟಿನ್ ಬಳಸುವುದುಂಟು, ಅದು ಪ್ರಾಣಿಯದ್ದು. ತೆಳ್ಳಗೆ ಮಾಡಲು ಮಾಂಸ ಬೇಯಿಸಿದ ನೀರು (ಸ್ಟಾಕ್) ಸುರಿಯುವುದೂ ಇದೆ. ಮೊಟ್ಟೆ ಬೇಡವಾದರೆ ಅದನ್ನೂ ಹೇಳಿ.

ಅಡುಗೆಯವರಿಗೆ ಚಮಚದ ಲೆಕ್ಕದಲ್ಲಿ ನಾಲ್ಕೈದು ಅಡುಗೆ ಬರೆದುಕೊಡಿ. ಇಂಗು ಜೀರಿಗೆಯ ಸೋಸಿದ ತುಪ್ಪ ಹಾಕಿದ ನುಣ್ಣನೆಯ ತೊವ್ವೆ, ಸೋರೆಕಾಯಿ ಇಲ್ಲದಿದ್ದರೆ ಕೂರ್ಜೆಟ್ (ಜುಕಿನಿ) ಮಜ್ಜಿಗೆ ಹುಳಿ, ತೆಳ್ಳಗಿನ ರವೆ ಕೇಸರಿ. ಎಲ್ಲವೂ ಅಲ್ಲಿಯ ಅಂಗಡಿಯಲ್ಲಿ ಸಿಗುವ ಸಾಮಾನಿನಲ್ಲೇ ಆಗುತ್ತದೆ. ಮನೆಯಿಂದ ತಂದುಕೊಡುವುದಾದರೆ ಮೊದಲು ಅವರ ನಿಯಮ ಕೇಳಿ, ಡಬ್ಬಿಯ ಮೇಲೆ ಹೆಸರು, ತಾರೀಖು, ಮಟ್ಟ ಬರೆಯಿರಿ. ತೊವ್ವೆಯೂ ರವೆಯೂ ಫ್ರಿಜ್‌ನಲ್ಲಿ ಬಿಗಿಯುತ್ತವೆ, ಬಿಸಿ ಮಾಡಿದ ಮೇಲೆ ಹದ ಮತ್ತೆ ನೋಡಿಯೇ ಕೊಡಬೇಕು ಅಂತ ಸಿಬ್ಬಂದಿಗೆ ಹೇಳಿ. ಏಕಾದಶಿ ಉಪವಾಸ ಮಾಡುವವರಾದರೆ ಅತ್ತೆಯವರನ್ನೇ ಕೇಳಿ, ಅವರ ಪರವಾಗಿ ನೀವು ತೀರ್ಮಾನಿಸಬೇಡಿ.

ಪ್ರಶ್ನೆ: ಅಮ್ಮನಿಗೆ 84. ಮರೆವಿನ ಕಾಯಿಲೆ ಬಂದು ಎಂಟು ವರ್ಷ ಆಯಿತು. ಈಗ ಯಾರನ್ನೂ ಗುರುತು ಹಿಡಿಯುವುದಿಲ್ಲ, ಬಾಯಿ ತೆರೆಯುವುದೂ ಕಷ್ಟ. ಆರೈಕೆ ಕೇಂದ್ರದವರು "ಮೂಗಿನಿಂದ ನಳಿಕೆ ಹಾಕಿಸಿ, ಇಲ್ಲ ಕರೆದುಕೊಂಡು ಹೋಗಿ" ಅನ್ನುತ್ತಿದ್ದಾರೆ. ಒಪ್ಪದಿದ್ದರೆ ಅಮ್ಮನನ್ನು ಉಪವಾಸ ಕೆಡವಿದ ಹಾಗಾಗುತ್ತದಾ?
– ಓದುಗರು, ಶಿವಮೊಗ್ಗ

ಉತ್ತರ: ಇಲ್ಲ. ದಯವಿಟ್ಟು ಆ ಭಾರ ಹೊತ್ತುಕೊಳ್ಳಬೇಡಿ.

ಸ್ಟ್ರೋಕ್ ಆದವರಿಗೆ ಸ್ವಲ್ಪ ಕಾಲ ನಳಿಕೆ ಹಾಕಿ, ಚೇತರಿಸಿಕೊಂಡ ಮೇಲೆ ತೆಗೆಯುವುದು ಬೇರೆ. ಮರೆವಿನ ಕಾಯಿಲೆ ಕೊನೆಯ ಹಂತಕ್ಕೆ ಬಂದಾಗ ನಳಿಕೆ ಹಾಕುವುದು ಬೇರೆ. ಅಮೆರಿಕದ ಹಿರಿಯರ ವೈದ್ಯರ ಸಂಘ 2014ರಲ್ಲೇ ಈ ಹಂತದಲ್ಲಿ ನಳಿಕೆ ಬೇಡ, ಕೈಯಿಂದ ನಿಧಾನವಾಗಿ ತಿನ್ನಿಸಿ ಅಂತ ಹೇಳಿದೆ. ನಳಿಕೆ ಹಾಕಿದರೂ ನ್ಯುಮೋನಿಯಾ ತಪ್ಪುವುದಿಲ್ಲ, ಜೊಲ್ಲು ಮತ್ತು ಹೊಟ್ಟೆಯಿಂದ ಮೇಲೆ ಬರುವ ಆಹಾರ ಶ್ವಾಸಕೋಶಕ್ಕೆ ಹೋಗುತ್ತಲೇ ಇರುತ್ತದೆ. ಅದನ್ನು ಕಿತ್ತುಕೊಳ್ಳಬಾರದು ಅಂತ ಕೈ ಕಟ್ಟಿಹಾಕುವುದೂ ನಡೆಯುತ್ತದೆ.

ಆದರೆ ಬಾಯಿ ತೆರೆಯದಿರಲು ಸರಿಪಡಿಸಬಹುದಾದ ಕಾರಣ ಏನಾದರೂ ಇದೆಯಾ ಅಂತ ಮೊದಲು ನೋಡಿಸಿ. ಬಾಯಿ ಹುಣ್ಣು, ಹಲ್ಲುನೋವು, ಬಾಯಿಯಲ್ಲಿ ಬಿಳಿ ಬೂಷ್ಟು, ಮಲಬದ್ಧತೆ, ಹೊಸದಾಗಿ ಶುರು ಮಾಡಿದ ನಿದ್ದೆ ಬರಿಸುವ ಮಾತ್ರೆ. ಇವುಗಳಲ್ಲಿ ಯಾವುದಾದರೂ ಒಂದಿದ್ದರೂ ಊಟ ನಿಂತುಹೋಗುತ್ತದೆ, ಹೇಳಲು ಅವರಿಗೆ ಬರುವುದಿಲ್ಲ. ತಿನ್ನಿಸುವಾಗ ಟಿವಿ ಆರಿಸಿ. ಎದುರಿಗೆ, ಅವರ ಕಣ್ಣಿನ ಎತ್ತರಕ್ಕೆ ಕೂತು ತಿನ್ನಿಸಿ, ನಿಂತುಕೊಂಡು ಮೇಲಿನಿಂದ ಬೇಡ. ಒಂದೊಂದೇ ಪದಾರ್ಥ ಇಡಿ. ಬಿಳಿ ತಟ್ಟೆಯಲ್ಲಿ ಮೊಸರನ್ನ ಅವರಿಗೆ ಕಾಣುವುದೇ ಇಲ್ಲ, ಬಣ್ಣದ ತಟ್ಟೆ ತನ್ನಿ. ತುಟಿಗೆ ಚಮಚ ತಾಗಿಸಿ ಕಾಯಿರಿ. ಬಹಳ ಜನಕ್ಕೆ ಸಿಹಿ ಇಷ್ಟವಾಗುವುದು ಕೊನೆವರೆಗೂ ಉಳಿದಿರುತ್ತದೆ, ಹಾಗಾಗಿ ಒಂದು ಚಮಚ ನುಣ್ಣನೆಯ ರಾಗಿ ಮಣ್ಣಿಯಿಂದ ಶುರು ಮಾಡಿದರೆ ಬಾಯಿ ತೆರೆಯಬಹುದು. ಎಚ್ಚರವಾಗಿ ಇರುವ ಹೊತ್ತು ನೋಡಿ ಕೊಡಿ, ಗಡಿಯಾರ ನೋಡಿ ಅಲ್ಲ. ಎಷ್ಟು ತಿಂದರೆ ಅಷ್ಟು. ತುತ್ತು ಬಾಯಲ್ಲೇ ಇಟ್ಟುಕೊಂಡರೆ ಅಥವಾ ತಲೆ ತಿರುಗಿಸಿದರೆ ನಿಲ್ಲಿಸಿ, ಒತ್ತಾಯ ಮಾಡಿ ಸುರಿಯಬಾರದು.

ಹೀಗೆ ತಿನ್ನಿಸಲು ಒಬ್ಬರಿಗೆ ಅರ್ಧ ಗಂಟೆಗಿಂತ ಹೆಚ್ಚೇ ಬೇಕು, ಕೇಂದ್ರದವರಿಗೆ ಜನ ಸಾಲದಿರಬಹುದು. ಅದನ್ನು ಅವರು ನೇರವಾಗಿ ಹೇಳಲಿ. ನೀವು, ನಿಮ್ಮ ಅಣ್ಣತಮ್ಮಂದಿರು ಒಂದು ಹೊತ್ತು ಬರಲು ಆಗುತ್ತದಾ, ಹಣ ಕೊಟ್ಟು ಒಬ್ಬ ಸಹಾಯಕಿಯನ್ನು ಇಡಬಹುದಾ ಅಂತ ಮಾತಾಡಿ. ನಳಿಕೆಯ ತೀರ್ಮಾನ ಅಮ್ಮನನ್ನು ನೋಡುತ್ತಿರುವ ಡಾಕ್ಟರ್ ಮತ್ತು ಮನೆಯವರು ಸೇರಿ ಮಾಡುವಂಥದ್ದು, ಕೇಂದ್ರದ ಅನುಕೂಲಕ್ಕೆ ಆಗುವಂಥದ್ದಲ್ಲ. ಡಾಕ್ಟರ್ ಏನು ಹೇಳಿದರು ಅಂತ ಬರಹದಲ್ಲಿ ಪಡೆದು ಕೇಂದ್ರಕ್ಕೆ ಒಂದು ಪ್ರತಿ ಕೊಡಿ. ಅಷ್ಟಾದ ಮೇಲೂ ಹೊರಗೆ ಹಾಕುತ್ತೇವೆ ಅಂತ ಹೆದರಿಸಿದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ. ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಸಿಗುತ್ತಾರೆ, ದುಡ್ಡು ಕೊಡಬೇಕಿಲ್ಲ.